ಖಿನ್ನತೆಗೆ ರಕ್ತ ಪರೀಕ್ಷೆ ಹುಡುಕಿದ ಜಗತ್ತು, ಕೇಳಿ ತಿಳಿದುಕೊಂಡ ಬಳ್ಳಾರಿ

ಸಿರುಗುಪ್ಪ, ಕುರುಗೋಡು ಕಡೆಯಿಂದ ಬೆಳಗಿನ ಬಸ್ಸಿಗೆ ಬಳ್ಳಾರಿ ಆಸ್ಪತ್ರೆಗೆ ಬರುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಒಳಗೆ ಹಳೆಯ ಚೀಟಿ, ಎಕ್ಸ್‌ರೇ, ಲ್ಯಾಬ್ ರಿಪೋರ್ಟು. ಏನಾಗಿದೆ ಎಂದು ಕೇಳಿದರೆ ಕೆಲವರು ಹೇಳುವುದು ಇಷ್ಟೇ: "ನಿದ್ದಿ ಬರವಲ್ದು, ಊಟ ಸೇರವಲ್ದು, ಮೈಯಾಗ ಕಸುವೇ ಇಲ್ಲ." ರಕ್ತ ಕೊಡುತ್ತಾರೆ. ದುಡ್ಡು ಕಟ್ಟುತ್ತಾರೆ. ಸಂಜೆ ರಿಪೋರ್ಟ್ ಬರುತ್ತದೆ. ಎಲ್ಲಾ ನಾರ್ಮಲ್.

ಆಮೇಲೆ ಮನೆಯಲ್ಲಿ ಬೇರೆಯೇ ಮಾತು ಶುರುವಾಗುತ್ತದೆ. "ರಕ್ತದಾಗ ಏನೂ ಇಲ್ಲ ಅಂದಮ್ಯಾಲೆ ಎಂಥಾ ರೋಗ? ಕೆಲಸ ತಪ್ಪಿಸಾಕ ನಾಟಕ."

ಈ ಬರಹ ಆ 'ನಾರ್ಮಲ್' ಎಂಬ ಒಂದು ಪದದ ಬಗ್ಗೆ. ಸಕ್ಕರೆ ಕಾಯಿಲೆಯನ್ನು ರಕ್ತ ಹೇಳುತ್ತದೆ. ಮಲೇರಿಯಾವನ್ನು ರಕ್ತ ಹೇಳುತ್ತದೆ. ಖಿನ್ನತೆಯನ್ನು ಯಾಕೆ ಹೇಳುವುದಿಲ್ಲ? ಇದೇ ಪ್ರಶ್ನೆ ಇಟ್ಟುಕೊಂಡು ಜಗತ್ತಿನ ವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಹುಡುಕಿದ್ದಾರೆ. ಆ ಹುಡುಕಾಟ ಜೋರಾಗಿದ್ದ 1980ರ ದಶಕದಲ್ಲೇ ನಮ್ಮ ಬಳ್ಳಾರಿ ಜಿಲ್ಲೆ ಇನ್ನೊಂದು ದಾರಿ ತೋರಿಸಿತು. ಆ ದಾರಿಯನ್ನು ಇಡೀ ದೇಶ ಹಿಡಿಯಿತು. ಎರಡೂ ಕಥೆಗಳನ್ನು ನಾವು ಇಲ್ಲಿ ಒಟ್ಟಿಗೆ ಹೇಳುತ್ತಿದ್ದೇವೆ.

ಕಪ್ಪು ಪಿತ್ತದಿಂದ ಶುರು

ಮನಸ್ಸಿನ ದುಃಖಕ್ಕೆ ಮೈಯೊಳಗಿನ ದ್ರವವೇ ಕಾರಣ ಎಂಬ ನಂಬಿಕೆ ಬಹಳ ಹಳೆಯದು. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ವೈದ್ಯರು ಮೈಯಲ್ಲಿ ಕಪ್ಪು ಪಿತ್ತ ಹೆಚ್ಚಾದರೆ ಮನುಷ್ಯ ಮಂಕಾಗುತ್ತಾನೆ ಎಂದರು. ಇಂದಿಗೂ ಡಾಕ್ಟರುಗಳು ಬಳಸುವ 'ಮೆಲಾಂಕೋಲಿಯಾ' ಎಂಬ ಪದದ ಅರ್ಥವೇ ಕಪ್ಪು ಪಿತ್ತ. ನಮ್ಮ ಚರಕ ಸಂಹಿತೆ ವಿಷಾದವನ್ನು ರೋಗ ಹೆಚ್ಚಿಸುವ ಸಂಗತಿಗಳಲ್ಲಿ ಮೊದಲನೆಯದು ಎಂದು ಎಣಿಸಿತು.

ಇತ್ತ ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಗಾಳಿ ಸೋಕಿದೆ, ದೃಷ್ಟಿ ತಾಗಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂಬ ಹೆಸರುಗಳಿದ್ದವು. ಈಗಲೂ ಇವೆ. ಹೆಸರು ಏನೇ ಇರಲಿ, ಕಾಯಿಲೆ ಇದೆ ಎಂಬುದನ್ನು ನಮ್ಮ ಹಿರಿಯರು ಅಲ್ಲಗಳೆದಿರಲಿಲ್ಲ. ನಿದ್ದೆ ಬಿಟ್ಟು, ಊಟ ಬಿಟ್ಟು ಮೂಲೆ ಹಿಡಿದು ಕೂತವರನ್ನು ಗುಡಿಗೋ ದರ್ಗಾಕ್ಕೋ ಕರೆದುಕೊಂಡು ಹೋಗುತ್ತಿದ್ದರು. "ನಾಟಕ" ಎಂಬ ಮಾತಿಗೆ ಲ್ಯಾಬ್ ರಿಪೋರ್ಟಿನ ಬೆಂಬಲ ಸಿಕ್ಕಿದ್ದು ಈಚೆಗೆ.

ಒಮ್ಮೆ ಗೆದ್ದ ರಕ್ತ ಪರೀಕ್ಷೆ

ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಹುಚ್ಚಾಸ್ಪತ್ರೆಗಳಲ್ಲಿ ಒಂದು ವಿಚಿತ್ರ ಕಾಯಿಲೆಯವರು ತುಂಬಿಕೊಂಡಿದ್ದರು. ಮೊದಲು ಬುದ್ಧಿ ಕೆಡುತ್ತಿತ್ತು, ಆಮೇಲೆ ಕೈಕಾಲು ಬೀಳುತ್ತಿತ್ತು, ಕೊನೆಗೆ ಸಾಯುತ್ತಿದ್ದರು. 1906ರಲ್ಲಿ ಜರ್ಮನಿಯ ಆಗಸ್ಟ್ ವಾಸರ್‌ಮನ್ ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೆ ಒಂದು ರಕ್ತ ಪರೀಕ್ಷೆ ಕಂಡುಹಿಡಿದರು. ಈ ರೋಗಿಗಳ ರಕ್ತ ಪರೀಕ್ಷಿಸಿದರೆ ಬಹುತೇಕರಲ್ಲಿ ಸಿಫಿಲಿಸ್ ಪತ್ತೆಯಾಯಿತು. 1913ರಲ್ಲಿ ಜಪಾನ್ ಮೂಲದ ವಿಜ್ಞಾನಿ ಹಿದೆಯೊ ನೊಗುಚಿ ಮತ್ತು ಮೂರ್ ಎಂಬ ವೈದ್ಯರು ಸತ್ತವರ ಮಿದುಳಿನಲ್ಲಿ ಆ ರೋಗಾಣುವನ್ನೇ ತೋರಿಸಿದರು. ಮುಂದೆ ಪೆನಿಸಿಲಿನ್ ಬಂತು. ಒಂದು ಬಗೆಯ ಹುಚ್ಚು ಆಸ್ಪತ್ರೆಗಳಿಂದ ಹೆಚ್ಚುಕಡಿಮೆ ಮಾಯವಾಯಿತು.

ಇದು ದೊಡ್ಡ ಗೆಲುವು. ಅದರ ಜೊತೆಗೆ ಒಂದು ದೊಡ್ಡ ಆಸೆಯೂ ಹುಟ್ಟಿತು. ಒಂದು ಹುಚ್ಚಿಗೆ ರಕ್ತದಲ್ಲಿ ಗುರುತು ಸಿಕ್ಕಿತಲ್ಲ, ಉಳಿದ ಮನೋರೋಗಗಳಿಗೂ ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತದೆ ಎಂಬ ಆಸೆ. ಖಿನ್ನತೆಯ ರಕ್ತ ಪರೀಕ್ಷೆಯ ಹುಡುಕಾಟಕ್ಕೆ ಬಲ ಬಂದದ್ದು ಇಲ್ಲಿಂದ.

ಟಿಬಿ ವಾರ್ಡಿನಿಂದ ಬಂದ ಮಾತ್ರೆ, ನಮ್ಮ ನೆಲದ ಬೇರು

ಬಳ್ಳಾರಿಯವರಿಗೆ ವೆಲ್ಲೆಸ್ಲಿ ಟಿಬಿ ಆಸ್ಪತ್ರೆ ಗೊತ್ತು. ಟಿಬಿಗೂ ಖಿನ್ನತೆಯ ಮಾತ್ರೆಗೂ ಒಂದು ನಂಟಿದೆ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಎಂಬ ಟಿಬಿ ಆಸ್ಪತ್ರೆಯಲ್ಲಿ ಐಪ್ರೊನಿಯಾಜಿಡ್ ಎಂಬ ಹೊಸ ಔಷಧಿ ಕೊಟ್ಟು ನೋಡಿದರು. ಸಾವಿನ ದಾರಿ ನೋಡುತ್ತಾ ಮಲಗಿದ್ದವರು ಎದ್ದು ಓಡಾಡತೊಡಗಿದರು, ನಗತೊಡಗಿದರು, ಕುಣಿದರು. ಔಷಧಿ ಮನಸ್ಸಿನ ಮೇಲೂ ಕೆಲಸ ಮಾಡುತ್ತಿದೆ ಎಂದು ವೈದ್ಯರಿಗೆ ಹೊಳೆಯಿತು. 1957ರಲ್ಲಿ ನೇಥನ್ ಕ್ಲೈನ್ ಎಂಬ ಅಮೆರಿಕದ ವೈದ್ಯರು ಅದನ್ನು ಖಿನ್ನತೆಯವರಿಗೆ ಕೊಟ್ಟು ಫಲ ಕಂಡರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಇಮಿಪ್ರಮಿನ್ ಎಂಬ ಇನ್ನೊಂದು ಔಷಧಿಯ ಗುಣ ವರದಿ ಮಾಡಿದರು.

ಕಥೆಯ ಇನ್ನೊಂದು ಎಳೆ ನಮ್ಮ ದೇಶದ್ದು. ಸರ್ಪಗಂಧದ ಬೇರನ್ನು ನಾಟಿ ವೈದ್ಯರು ಹುಚ್ಚಿಗೂ ನಿದ್ದೆಗೂ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ ಇದರ ಬಗ್ಗೆ ಬರೆದರು. 1949ರಲ್ಲಿ ಮುಂಬೈನ ರುಸ್ತುಂ ವಕೀಲ್ ಇದು ಬಿಪಿ ಇಳಿಸುತ್ತದೆ ಎಂದು ಜಗತ್ತಿಗೆ ತೋರಿಸಿದರು. ಇದರಿಂದ ತೆಗೆದ ರೆಸರ್ಪಿನ್ ಎಂಬ ಮಾತ್ರೆ ಎಲ್ಲೆಡೆ ಮಾರಾಟವಾಯಿತು. ಆದರೆ ಬಿಪಿಗೆಂದು ಅದನ್ನು ತಿಂದ ಕೆಲವರು ಖಿನ್ನರಾದರು. 1955ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಮಾತ್ರೆ ಸಿರೊಟೊನಿನ್ ಎಂಬ ರಾಸಾಯನಿಕವನ್ನು ಬರಿದು ಮಾಡುತ್ತದೆ ಎಂದು ಕಂಡುಕೊಂಡರು.

ಎರಡನ್ನೂ ಕೂಡಿಸಿದಾಗ ಒಂದು ಸರಳ ಲೆಕ್ಕ ಸಿಕ್ಕಿತು. ಒಂದು ಮಾತ್ರೆ ಈ ರಾಸಾಯನಿಕಗಳನ್ನು ಹೆಚ್ಚಿಸುತ್ತದೆ, ಮನಸ್ಸು ಹಗುರಾಗುತ್ತದೆ. ಇನ್ನೊಂದು ಅವನ್ನು ಇಳಿಸುತ್ತದೆ, ಮನಸ್ಸು ಕುಗ್ಗುತ್ತದೆ. ಹಾಗಾದರೆ ಖಿನ್ನತೆ ಎಂದರೆ ಈ ರಾಸಾಯನಿಕಗಳ ಕೊರತೆ, ಅದನ್ನು ರಕ್ತದಲ್ಲಿ ಅಳೆದರಾಯಿತು!

ಇಲ್ಲೇ ಮೊದಲ ತೊಡಕು ಬಂದದ್ದು. ಮೈಯಲ್ಲಿರುವ ಸಿರೊಟೊನಿನ್‌ನ ಬಹುಪಾಲು ತಯಾರಾಗುವುದು ಕರುಳಿನಲ್ಲಿ. ರಕ್ತದಲ್ಲಿರುವುದು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳೊಳಗೆ ಕೂತಿರುತ್ತದೆ. ಅದು ಮಿದುಳಿನೊಳಕ್ಕೆ ಹೋಗುವುದಿಲ್ಲ, ಮಿದುಳಿನದು ಹೊರಗೆ ಬರುವುದಿಲ್ಲ. ನಡುವೆ ಒಂದು ಗೋಡೆ ಇದೆ. ಹಿತ್ತಲ ಬಾವಿಯ ನೀರು ಅಳೆದು ತುಂಗಭದ್ರಾ ಡ್ಯಾಮಿನಲ್ಲಿ ಎಷ್ಟು ನೀರಿದೆ ಎಂದು ಹೇಳಲು ಹೊರಟ ಹಾಗೆ ಇದು.

1981: ಕೊನೆಗೂ ಸಿಕ್ಕಿತು ಅಂದುಕೊಂಡರು

ವಿಜ್ಞಾನಿಗಳು ಬಿಡಲಿಲ್ಲ. ಕಷ್ಟ ಬಂದಾಗ, ಹೆದರಿದಾಗ ನಮ್ಮ ಮೈ ಕಾರ್ಟಿಸಾಲ್ ಎಂಬ ಹಾರ್ಮೋನು ಬಿಡುತ್ತದೆ. ತೀವ್ರ ಖಿನ್ನತೆಯವರಲ್ಲಿ ಅದು ಹೆಚ್ಚಿರುತ್ತದೆ ಎಂದು ಗೊತ್ತಾಗಿತ್ತು. ಆಸ್ಟ್ರೇಲಿಯಾ ಮೂಲದ ಬರ್ನಾರ್ಡ್ ಕ್ಯಾರಲ್ ಎಂಬ ವೈದ್ಯರು ಇದರ ಮೇಲೆ ಒಂದು ಪರೀಕ್ಷೆ ಕಟ್ಟಿದರು. ರಾತ್ರಿ ಡೆಕ್ಸಾಮೆಥಾಸೋನ್ ಮಾತ್ರೆ ಕೊಡುವುದು, ಮಾರನೆಯ ದಿನ ರಕ್ತದಲ್ಲಿ ಕಾರ್ಟಿಸಾಲ್ ಅಳೆಯುವುದು. ಆರೋಗ್ಯವಂತರಲ್ಲಿ ಮಾತ್ರೆ ಕಾರ್ಟಿಸಾಲನ್ನು ಅದುಮಿ ಇಡುತ್ತದೆ. ತೀವ್ರ ಖಿನ್ನತೆಯ ಹಲವರಲ್ಲಿ ಅದುಮಲು ಆಗುವುದಿಲ್ಲ.

1968ರಲ್ಲೇ ಇದರ ಮೊದಲ ವರದಿ ಬಂದಿತ್ತು. 1981ರಲ್ಲಿ ಬಂದ ದೊಡ್ಡ ಲೇಖನ ಸದ್ದು ಮಾಡಿತು. ತೀವ್ರ ಖಿನ್ನತೆಯ 100 ಜನರಲ್ಲಿ ಸುಮಾರು 67 ಮಂದಿಯನ್ನು ಈ ಪರೀಕ್ಷೆ ಹಿಡಿಯುತ್ತದೆ, ಆ ಕಾಯಿಲೆ ಇಲ್ಲದವರಲ್ಲಿ 100ಕ್ಕೆ 96 ಮಂದಿಯನ್ನು ಸರಿಯಾಗಿ 'ಇಲ್ಲ' ಎನ್ನುತ್ತದೆ ಎಂದು ಅದು ಹೇಳಿತು. ಅಮೆರಿಕದ ಆಸ್ಪತ್ರೆಗಳು ಈ ಪರೀಕ್ಷೆಗೆ ಮುಗಿಬಿದ್ದವು.

ಕೆಲವೇ ವರ್ಷಗಳಲ್ಲಿ ಉತ್ಸಾಹ ಇಳಿಯಿತು. ಊಟ ಬಿಟ್ಟು ತೂಕ ಇಳಿದವರಲ್ಲೂ ಪರೀಕ್ಷೆ 'ಇದೆ' ಎನ್ನುತ್ತಿತ್ತು. ಕುಡಿತ ಬಿಡುತ್ತಿರುವವರಲ್ಲೂ, ಮರೆವಿನ ಕಾಯಿಲೆಯ ವೃದ್ಧರಲ್ಲೂ, ಬೇರೆ ದೊಡ್ಡ ಕಾಯಿಲೆ ಇದ್ದವರಲ್ಲೂ ಹಾಗೇ. ಇನ್ನೊಂದೆಡೆ, ಸಾಧಾರಣ ಖಿನ್ನತೆಯ ಬಹಳ ಮಂದಿಯಲ್ಲಿ 'ಇಲ್ಲ' ಎನ್ನುತ್ತಿತ್ತು. 1980ರ ದಶಕ ಮುಗಿಯುವ ಹೊತ್ತಿಗೆ ದಿನನಿತ್ಯದ ಬಳಕೆಯಿಂದ ಅದನ್ನು ಕೈಬಿಟ್ಟರು.

ಅದೇ ವರ್ಷಗಳು, ನಮ್ಮ ಬಳ್ಳಾರಿ

ಈಗ ನಮ್ಮ ಜಿಲ್ಲೆಗೆ ಬರೋಣ. 1981ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಜನ ಸುಮಾರು 15 ಲಕ್ಷ. ಆಗ ಇದು ದೊಡ್ಡ ಜಿಲ್ಲೆ. ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲಾ ಇದರೊಳಗೇ ಇದ್ದವು. ಕುರುಗೋಡು ಇನ್ನೂ ತಾಲ್ಲೂಕು ಆಗಿರಲಿಲ್ಲ. ಮನೋರೋಗಕ್ಕೆಂದೇ ಇದ್ದ ದೊಡ್ಡ ಸರ್ಕಾರಿ ಆಸ್ಪತ್ರೆಗಳು ರಾಜ್ಯದಲ್ಲಿ ಎರಡು: ಬೆಂಗಳೂರಿನದು, ಧಾರವಾಡದ್ದು. ಬೆಂಗಳೂರು ಇಲ್ಲಿಂದ ಸುಮಾರು 300 ಕಿಲೋಮೀಟರ್. ಸಿರುಗುಪ್ಪದ ಒಬ್ಬ ಕೂಲಿಯವರು ಮನೆಯವರನ್ನು ಕರೆದುಕೊಂಡು ಅಲ್ಲಿಗೆ ಹೋಗಿಬರಬೇಕೆಂದರೆ ವಾರದ ದುಡಿಮೆ ಹೋಯಿತು.

ಬೆಂಗಳೂರಿನ ಆಸ್ಪತ್ರೆ 1847ರ ಕಾಲದ ಹುಚ್ಚಾಸ್ಪತ್ರೆಯಿಂದ ಬೆಳೆದು ಬಂದದ್ದು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ರೋಗಿಗಳು ನಮ್ಮ ಬಳಿ ಬರಲಿ ಎಂದು ಕಾಯುವ ಬದಲು ನಾವೇ ಹಳ್ಳಿಗೆ ಹೋದರೆ ಏನಾಗುತ್ತದೆ ಎಂದು ಅಲ್ಲಿನ ವೈದ್ಯರು ಯೋಚಿಸಿದರು. 1975ರ ಸುಮಾರಿಗೆ ಬೆಂಗಳೂರಿನ ಹೊರವಲಯದ ಸಕಲವಾರ ಎಂಬ ಹಳ್ಳಿಯಲ್ಲಿ ಒಂದು ಕೇಂದ್ರ ತೆರೆದರು. ಡಾ. ಆರ್. ಶ್ರೀನಿವಾಸ ಮೂರ್ತಿ, ಡಾ. ಮೋಹನ್ ಐಸಾಕ್, ಡಾ. ಸಿ.ಆರ್. ಚಂದ್ರಶೇಖರ್ ಮೊದಲಾದವರು ಈ ಸಮುದಾಯ ಕೆಲಸವನ್ನು ಬೆಳೆಸಿದರು. ಮನಸ್ಸಿನ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಸರಳವಾಗಿ ಬರೆದು ಮನೆಮನೆಗೆ ತಲುಪಿದ ಚಂದ್ರಶೇಖರ್ ಅವರ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು.

1982ರ ಆಗಸ್ಟ್‌ನಲ್ಲಿ ದೇಶ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಒಪ್ಪಿಕೊಂಡಿತು. ಕಾಗದದ ಮೇಲೆ ಅದು ಚೆನ್ನಾಗಿತ್ತು. ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸುವುದು ಹೇಗೆ? ಅದಕ್ಕೆ ಆರಿಸಿದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ನಿಮ್ಹಾನ್ಸ್, ರಾಜ್ಯದ ಆರೋಗ್ಯ ಇಲಾಖೆ ಮತ್ತು ಜಿಲ್ಲಾಡಳಿತ ಸೇರಿ ಇಲ್ಲಿ ಕೆಲಸ ಮಾಡಿದವು.

ಏನು ಮಾಡಿದರು? ಹೊಸ ಯಂತ್ರ ತರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಮನೆಮನೆಗೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಯಾರಿಗೆ ನಿದ್ದೆ ಹೋಗಿದೆ, ಯಾರು ಮಾತು ಬಿಟ್ಟಿದ್ದಾರೆ, ಯಾರು ಒಬ್ಬರೇ ಮಾತಾಡಿಕೊಳ್ಳುತ್ತಾರೆ, ಯಾರಿಗೆ ಫಿಟ್ಸ್ ಬರುತ್ತದೆ, ಯಾವ ಮಗುವಿನ ಬುದ್ಧಿ ಬೆಳೆದಿಲ್ಲ ಎಂದು ಗುರುತಿಸುವುದನ್ನು ಕಲಿಸಿದರು. ಆರೇ ಆರು ಅಗತ್ಯ ಔಷಧಿಗಳನ್ನು ಕೇಂದ್ರಗಳಿಗೆ ಕಳಿಸಿದರು. ಒಂದು ಸರಳ ದಾಖಲೆ ಪುಸ್ತಕ, ತಿಂಗಳಿಗೊಮ್ಮೆ ಲೆಕ್ಕ. ಕೈ ಮೀರಿದವರನ್ನು ನೋಡಲು ಜಿಲ್ಲಾ ಕೇಂದ್ರದಲ್ಲಿ ಒಬ್ಬ ಮನೋವೈದ್ಯರು. ಇಷ್ಟೇ.

ಈಗ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಮೆರಿಕದಲ್ಲಿ ಖಿನ್ನತೆ ಇದೆಯೋ ಇಲ್ಲವೋ ಎಂದು ತಿಳಿಯಲು ರಾತ್ರಿ ಮಾತ್ರೆ ಕೊಟ್ಟು ಮಾರನೆಯ ದಿನ ರಕ್ತ ತೆಗೆಯುತ್ತಿದ್ದ ಅದೇ ದಶಕದಲ್ಲಿ, ಬಳ್ಳಾರಿ ಜಿಲ್ಲೆಯ ಕಾರ್ಯಕರ್ತೆಯೊಬ್ಬರು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು: "ಅಕ್ಕಾ, ನಿದ್ದಿ ಹ್ಯಾಂಗ ಬರತೈತಿ? ಊಟ ಸೇರತೈತೇನು?" ರಕ್ತದ ಪರೀಕ್ಷೆ ಮೂಲೆ ಸೇರಿತು. ಕೇಳುವ ಪದ್ಧತಿ ಉಳಿಯಿತು.

ಇಡೀ ದೇಶಕ್ಕೆ ಮಾದರಿ, ಆದರೂ ಉಳಿದ ಕೊರತೆ

ಬಳ್ಳಾರಿಯ ಅನುಭವದ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಬೇರೆ ಬೇರೆ ರಾಜ್ಯಗಳ ನಾಲ್ಕು ಜಿಲ್ಲೆಗಳಲ್ಲಿ ಶುರು ಮಾಡಿತು. 2002ರ ಹೊತ್ತಿಗೆ ಅದು 27 ಜಿಲ್ಲೆಗಳಾಯಿತು. ಇಂದು 700ಕ್ಕೂ ಹೆಚ್ಚು ಜಿಲ್ಲೆಗಳಿಗೆ ಮಂಜೂರಾಗಿದೆ. ಮನೋವೈದ್ಯ ಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ 'ಬಳ್ಳಾರಿ ಮಾದರಿ' ಎಂದೇ ಹೆಸರು. ಗಣಿ, ಬಿಸಿಲು, ರಾಜಕೀಯಕ್ಕೆ ಸುದ್ದಿಯಾಗುವ ನಮ್ಮ ಊರಿನ ಹೆಸರು ಹೀಗೂ ಒಂದು ಕಡೆ ಬರೆದಿದೆ. ನಮ್ಮಲ್ಲೇ ಎಷ್ಟು ಜನಕ್ಕೆ ಇದು ಗೊತ್ತು?

ಹಾಗೆಂದು ಎಲ್ಲವೂ ಸರಿಹೋಯಿತು ಎಂದು ನಾವು ಹೇಳುವುದಿಲ್ಲ. ಬಳ್ಳಾರಿಯಲ್ಲಿ ನಿಮ್ಹಾನ್ಸ್‌ನವರು ಬೆನ್ನಿಗೆ ನಿಂತಿದ್ದರು. ಬೇರೆ ಜಿಲ್ಲೆಗಳಿಗೆ ಹೋದಾಗ ಆ ಬೆಂಬಲ ಇರಲಿಲ್ಲ. ವೈದ್ಯರ ವರ್ಗಾವಣೆ, ಖಾಲಿ ಹುದ್ದೆ, ಮುಗಿದುಹೋದ ಮಾತ್ರೆ ಎಂಬ ದೂರುಗಳು ಬಂದವು. ಇನ್ನೊಂದು ಆಳವಾದ ತೊಂದರೆ ಇತ್ತು. ಫಿಟ್ಸ್ ಎಲ್ಲರಿಗೂ ಕಾಣುತ್ತದೆ. ಬೀದಿಯಲ್ಲಿ ಕೂಗಾಡುವವರು ಎಲ್ಲರಿಗೂ ಕಾಣುತ್ತಾರೆ. ಖಿನ್ನತೆಯವರು ಸದ್ದು ಮಾಡುವುದಿಲ್ಲ. ಅವರು ತಲೆನೋವು, ಸೊಂಟನೋವು, ಸುಸ್ತು, ಎದೆ ಉರಿ ಎಂದು ಬರುತ್ತಾರೆ. ಮಾತ್ರೆ, ಟಾನಿಕ್, ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಹೋಗುತ್ತಾರೆ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ದೊಡ್ಡವರಲ್ಲಿ 20ಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದ್ದರು. ಖಿನ್ನತೆ ಇರುವ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಬಳ್ಳಾರಿ ಮಾದರಿ ಶುರುವಾಗಿ ಮೂವತ್ತು ವರ್ಷದ ನಂತರದ ಲೆಕ್ಕ ಇದು.

ಹುಡುಕಾಟ ನಿಂತಿಲ್ಲ

ಇತ್ತ ಲ್ಯಾಬಿನ ಹುಡುಕಾಟ ಹೊಸ ದಿಕ್ಕು ಹಿಡಿಯಿತು. 1991ರಿಂದ ಈಚೆಗೆ ಮೈಯೊಳಗಿನ ಉರಿಯೂತದ ಮೇಲೆ ಗಮನ ಹೋಯಿತು. ಗಾಯವಾದಾಗ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಅಂಥ ಉರಿ ಸಣ್ಣಗೆ ಇಡೀ ಮೈಯಲ್ಲಿ ಇದ್ದರೆ ರಕ್ತದಲ್ಲಿ ಸಿಆರ್‌ಪಿ, ಐಎಲ್-6 ಮುಂತಾದವು ಏರುತ್ತವೆ. ಖಿನ್ನತೆಯವರಲ್ಲಿ ಇವು ಸರಾಸರಿ ಸ್ವಲ್ಪ ಹೆಚ್ಚಿರುತ್ತವೆ ಎಂದು ಹಲವು ಅಧ್ಯಯನ ಸೇರಿಸಿ ನೋಡಿದಾಗ ಕಂಡಿತು. 2002ರಿಂದ ಬಿಡಿಎನ್‌ಎಫ್ ಎಂಬ ಇನ್ನೊಂದು ಪ್ರೋಟೀನಿನ ಸುದ್ದಿ. ಅದು ಮಿದುಳಿನ ನರಗಳಿಗೆ ಗೊಬ್ಬರ ಇದ್ದ ಹಾಗೆ. ಖಿನ್ನತೆಯವರ ರಕ್ತದಲ್ಲಿ ಅದು ಕಡಿಮೆ ಎಂದು ಕಂಡಿತು.

ಈ ಹುಡುಕಾಟದಲ್ಲಿ ನಮ್ಮ ನಿಮ್ಹಾನ್ಸ್ ಕೂಡ ಇದೆ. ಡಾ. ಬಿ.ಎನ್. ಗಂಗಾಧರ್, ಡಾ. ಜಗದೀಶ ತೀರ್ಥಹಳ್ಳಿ ಮತ್ತು ಜೊತೆಗಾರರು ಖಿನ್ನತೆಯವರಿಗೆ ಯೋಗ ಕಲಿಸಿ ರಕ್ತ ಪರೀಕ್ಷಿಸಿದರು. 2013ರಲ್ಲಿ ಬಂದ ಅವರ ವರದಿಗಳ ಪ್ರಕಾರ ಯೋಗ ಮಾಡಿದವರಲ್ಲಿ ಕಾರ್ಟಿಸಾಲ್ ಇಳಿದಿತ್ತು, ಬಿಡಿಎನ್‌ಎಫ್ ಏರಿತ್ತು, ಮನಸ್ಸೂ ಸುಧಾರಿಸಿತ್ತು. ಅವು ಸಣ್ಣ ಅಧ್ಯಯನಗಳು. ಆದರೂ ಮನಸ್ಸಿನ ದುಃಖ ಮೈಯೊಳಗೂ ಗುರುತು ಬಿಡುತ್ತದೆ ಎಂಬುದಕ್ಕೆ ನಮ್ಮ ನೆಲದ ಸಾಕ್ಷಿ ಅವು.

2014ರಲ್ಲಿ ಅಮೆರಿಕದ ಇವಾ ರೆಡೈ ಅವರ ತಂಡ ರಕ್ತದ ಒಂಬತ್ತು ಆರ್‌ಎನ್‌ಎ ಗುರುತುಗಳಿಂದ ಖಿನ್ನತೆ ಪತ್ತೆ ಮಾಡಬಹುದು ಎಂದಿತು. "ಖಿನ್ನತೆಗೆ ರಕ್ತ ಪರೀಕ್ಷೆ ಬಂತು" ಎಂದು ಪತ್ರಿಕೆಗಳು ಬರೆದವು. ಆ ಅಧ್ಯಯನದಲ್ಲಿದ್ದ ರೋಗಿಗಳು 32 ಮಂದಿ, ಹೋಲಿಕೆಗೆ ಆರೋಗ್ಯವಂತರು 32 ಮಂದಿ. ಇವತ್ತಿಗೂ ಆ ಪರೀಕ್ಷೆ ನಮ್ಮ ಆಸ್ಪತ್ರೆಗಳಿಗೆ ಬಂದಿಲ್ಲ. 2022ರಲ್ಲಿ ಲಂಡನ್ನಿನ ಜೊವಾನಾ ಮಾಂಕ್ರೀಫ್ ಮತ್ತು ಜೊತೆಗಾರರು ಹಳೆಯ ಸಿರೊಟೊನಿನ್ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ಕೊರತೆಯಿಂದಲೇ ಖಿನ್ನತೆ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದರು. ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಹಾಗಾಗಿ ಈ ಸುದ್ದಿ ಓದಿ ಯಾರೂ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಯಾಕೆ ಸಿಗುತ್ತಿಲ್ಲ?

ಒಂದು ಉದಾಹರಣೆ ನೋಡಿ. ಸಿರುಗುಪ್ಪದ ಗಂಡಸರು ಕುರುಗೋಡಿನ ಗಂಡಸರಿಗಿಂತ ಸರಾಸರಿ ಅರ್ಧ ಇಂಚು ಎತ್ತರ ಎಂದು ಸುಮ್ಮನೆ ಅಂದುಕೊಳ್ಳಿ. ಸಾವಿರ ಜನರನ್ನು ಅಳೆದರೆ ಈ ವ್ಯತ್ಯಾಸ ಕಾಣುತ್ತದೆ. ಈಗ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಒಬ್ಬನ ಎತ್ತರ ನೋಡಿ ಇವನು ಯಾವ ಊರಿನವನು ಎಂದು ಹೇಳಲು ಆಗುತ್ತದೆಯೇ? ಆಗುವುದಿಲ್ಲ. ಖಿನ್ನತೆಯ ರಕ್ತದ ಗುರುತುಗಳ ಪಾಡೂ ಇದೇ. ಗುಂಪಿನಲ್ಲಿ ವ್ಯತ್ಯಾಸ ಇದೆ. ಒಬ್ಬೊಬ್ಬರ ಮಟ್ಟಿಗೆ ಅದು ತೀರ್ಪು ಕೊಡುವುದಿಲ್ಲ. ಸಿಆರ್‌ಪಿ ಏರಲು ಖಿನ್ನತೆಯೇ ಬೇಕಿಲ್ಲ. ಜ್ವರ, ಹಲ್ಲಿನ ಕೀವು, ಬೊಜ್ಜು, ಬೀಡಿ ಸಾಕು.

ಇನ್ನೊಂದು ಕಾರಣ, ಖಿನ್ನತೆ ಎಂಬುದು ಒಂದೇ ಕಾಯಿಲೆ ಅಲ್ಲದಿರಬಹುದು. ಹಿಂದೆ 'ಜ್ವರ' ಎಂಬ ಒಂದೇ ಹೆಸರಿನ ಕೆಳಗೆ ಮಲೇರಿಯಾ, ಟೈಫಾಯಿಡ್, ಡೆಂಗಿ ಎಲ್ಲಾ ಇದ್ದವು. ಹಾಗೆಯೇ ಬೆಳೆ ಒಣಗಿ ಸಾಲಕ್ಕೆ ಸಿಕ್ಕವರದು, ಹೆರಿಗೆಯಾದ ಬಾಣಂತಿಯದು, ವಂಶದಲ್ಲೇ ಬಂದದ್ದು ಎಲ್ಲವನ್ನೂ ನಾವು ಈಗ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದೇವೆ. 2013ರಲ್ಲಿ ಅಮೆರಿಕದಲ್ಲಿ 60 ರೋಗಿಗಳ ಮೇಲೆ ಉರಿಯೂತ ಇಳಿಸುವ ಇಂಜೆಕ್ಷನ್ ಪರೀಕ್ಷಿಸಿದರು. ಒಟ್ಟಾರೆ ಲಾಭ ಕಾಣಲಿಲ್ಲ. ಮೊದಲೇ ಸಿಆರ್‌ಪಿ ಹೆಚ್ಚಿದ್ದವರಲ್ಲಿ ಮಾತ್ರ ಫಲದ ಸುಳಿವು ಕಂಡಿತು. ಮುಂದೊಂದು ದಿನ ರಕ್ತ ಪರೀಕ್ಷೆ ಬಂದರೆ, ಬಹುಶಃ ಅದು "ಖಿನ್ನತೆ ಇದೆಯೇ" ಎಂದು ಹೇಳುವ ಬದಲು "ಈ ರೋಗಿಗೆ ಯಾವ ಚಿಕಿತ್ಸೆ ಹೊಂದುತ್ತದೆ" ಎಂದು ಹೇಳಬಹುದು.

ಹಾಗಾದರೆ ರಕ್ತ ಕೊಡುವುದೇ ಬೇಡವೇ?

ಬೇಕು. ಬೇರೆ ಕಾರಣಕ್ಕೆ ಬೇಕು. ಥೈರಾಯ್ಡ್ ಕಡಿಮೆಯಾದರೆ ಸುಸ್ತು, ಮಂಕು, ಮರೆವು ಬರುತ್ತದೆ. ನೋಡಿದರೆ ಥೇಟ್ ಖಿನ್ನತೆ. ರಕ್ತಹೀನತೆಯೂ ಹಾಗೆಯೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ವಿಟಮಿನ್ ಬಿ12 ಕೊರತೆ, ಸಕ್ಕರೆ ಕಾಯಿಲೆ ಕೂಡ ಮನಸ್ಸನ್ನು ಕುಗ್ಗಿಸಬಲ್ಲವು. ಇವನ್ನು ಹಿಡಿಯಲು ರಕ್ತ ಪರೀಕ್ಷೆ ಬೇಕು. ಡಾಕ್ಟರು ಹೇಳಿದ ನಾಲ್ಕೈದು ಪರೀಕ್ಷೆ ಸಾಕು, ಸಾವಿರಾರು ರೂಪಾಯಿಯ ಪ್ಯಾಕೇಜ್ ಬೇಕಿಲ್ಲ. ಲಿಥಿಯಂ ಎಂಬ ಮಾತ್ರೆ ತೆಗೆದುಕೊಳ್ಳುವವರಿಗಂತೂ ರಕ್ತದಲ್ಲಿ ಅದರ ಪ್ರಮಾಣವನ್ನು ಆಗಾಗ ಅಳೆಯಲೇಬೇಕು.

ಈ ಪರೀಕ್ಷೆಗಳೆಲ್ಲ 'ನಾರ್ಮಲ್' ಬಂದರೆ ಅದರ ಅರ್ಥ ಒಂದೇ: ಥೈರಾಯ್ಡ್ ಸರಿ ಇದೆ, ರಕ್ತ ಸರಿ ಇದೆ, ಸಕ್ಕರೆ ಸರಿ ಇದೆ. ಖಿನ್ನತೆ ಇದೆಯೋ ಇಲ್ಲವೋ ಎಂದು ಆ ಕಾಗದವನ್ನು ಯಾರೂ ಕೇಳಿಯೇ ಇಲ್ಲ. ಕೇಳದ ಪ್ರಶ್ನೆಗೆ ಅದು ಉತ್ತರ ಹೇಳಿದೆ ಎಂದು ನಂಬುವುದು ತಪ್ಪು.

ಆ ಪ್ರಶ್ನೆಯನ್ನು ಕೇಳಬೇಕಾದ್ದು ಮನುಷ್ಯರನ್ನು. 2001ರಲ್ಲಿ ಪ್ರಕಟವಾದ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ, ಕನ್ನಡದಲ್ಲೂ ಇದೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲವೇ? ಮನಸ್ಸು ಕುಗ್ಗಿದೆಯೇ? ನಿದ್ದೆ, ಊಟ, ಕಸುವು ಹೇಗಿದೆ? ನಾನು ಕೆಲಸಕ್ಕೆ ಬಾರದವ ಅನ್ನಿಸುತ್ತದೆಯೇ? ಗಮನ ನಿಲ್ಲುತ್ತಿಲ್ಲವೇ? ಬದುಕು ಬೇಡ ಅನ್ನಿಸಿದೆಯೇ? ಈ ದಾರಿಯ ಪ್ರಶ್ನೆಗಳವು. ಅಂಕ 10 ದಾಟಿದರೆ ಡಾಕ್ಟರು ಕೂತು ವಿವರವಾಗಿ ಮಾತಾಡಬೇಕು. 1985ರಲ್ಲಿ ಬಳ್ಳಾರಿಯ ಕಾರ್ಯಕರ್ತೆಯರು ಕಟ್ಟೆಯ ಮೇಲೆ ಕೂತು ಮಾಡಿದ ಕೆಲಸದ ಜಾಡು ಇದರಲ್ಲಿ ಕಾಣುತ್ತದೆ.

ಬದುಕು ಬೇಡ ಅನ್ನಿಸಿದೆಯೇ ಎಂದು ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಹಲವರಿಗಿದೆ. ಹಾಗಾಗುವುದಿಲ್ಲ. ಕೇಳಿದಾಗ ಎದೆಯ ಭಾರ ಇಳಿಯುತ್ತದೆ. ಹಾಗೆ ಹೇಳಿಕೊಂಡವರಿಗೆ ಪೊಲೀಸ್ ಕೇಸಿನ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಎಂದೇ ನೋಡಬೇಕು, ಸರ್ಕಾರ ಅವರಿಗೆ ಆರೈಕೆ ಕೊಡಬೇಕು ಎನ್ನುತ್ತದೆ.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರದ ಡಾಕ್ಟರಿಗೆ ಹೇಳಿ. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಮೊದಲೇ ಕೇಳಿಕೊಂಡು ಹೋಗಿ. ಬಳ್ಳಾರಿ ನಗರದ ಜಿಲ್ಲಾ ಆಸ್ಪತ್ರೆ, ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ಕೇಳಬಹುದು. ಎಲ್ಲಿಗೂ ಹೋಗಲಾಗದಿದ್ದರೆ ಫೋನಿನಿಂದಲೇ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ರಕ್ತ ಪರೀಕ್ಷೆ ಒಂದು ದಿನ ಬರಬಹುದು. ಬಂದರೆ ಒಳ್ಳೆಯದೇ. ಅಲ್ಲಿಯವರೆಗೆ ಕಾಯುವ ಅಗತ್ಯ ಇಲ್ಲ ಎಂದು ನಮ್ಮ ಜಿಲ್ಲೆಯೇ ನಾಲ್ಕು ದಶಕದ ಹಿಂದೆ ತೋರಿಸಿದೆ. ನಿಮ್ಮ ಮನೆಯಲ್ಲಿ ಯಾರಾದರೂ ಎರಡು ವಾರದಿಂದ ನಿದ್ದೆ, ಊಟ, ಮಾತು ಬಿಟ್ಟಿದ್ದರೆ ಅವರ ರಿಪೋರ್ಟನ್ನು ಪಕ್ಕಕ್ಕಿಟ್ಟು ಅವರ ಹತ್ತಿರ ಕೂತುಕೊಳ್ಳಿ. ಕೇಳಿ. ಅವರು ಹೇಳುವುದನ್ನು ನಂಬಿ.